ನಗರ ಸುತ್ತುವ ಬ್ಯಾಡ್ಜ್: ಕಲಬುರಗಿಯೋ, ಬೀದರೋ, ಯಾದಗಿರಿಯೋ?

ದಸರಾ ರಜೆ ಮುಗಿಯುತ್ತಿದ್ದಂತೆ, ಶಾಲೆಗಳಲ್ಲಿ ಸ್ಕೌಟ್ಸ್-ಗೈಡ್ಸ್‌ನ ಹುಡುಗಿಯರ ತಂಡ ನಡೆಸುವ ಗೈಡ್ ಕ್ಯಾಪ್ಟನ್‌ಗಳಿಂದ ಫೋನ್ ಶುರುವಾಗುತ್ತದೆ. "ಮೇಡಂ, ಈ ವರ್ಷ ನಮ್ಮ ಹುಡುಗಿಯರಿಗೆ ಸಿಟಿ ಬ್ಯಾಡ್ಜ್ ಮಾಡಿಸಬೇಕ್ರಿ. ಎಲ್ಲಿಗೆ ಹೋಗೋಣ್ರಿ?" ಕಲಬುರಗಿಯಲ್ಲೇ ಮುಗಿಸೋಣ ಅನ್ನುವವರು ಕೆಲವರು. ಬೀದರ್‌ಗೇ ಹೋಗಬೇಕು ಅನ್ನುವವರು ಇನ್ನು ಕೆಲವರು. ಯಾದಗಿರಿ ಕಡೆಯವರಿಗೆ ಮಾತ್ರ ಸಂಕೋಚ. "ನಮ್ಮೂರಾಗ ನೋಡಾಕ ಏನದರಿ" ಅಂತ ಅವರೇ ಮೊದಲು ಹೇಳಿಬಿಡುತ್ತಾರೆ.

ಮೂರೂ ಊರು ಚೆನ್ನಾಗಿವೆ ಅಂತ ಹೇಳಿ ಫೋನ್ ಇಡಬಹುದು. ಅದರಿಂದ ಯಾರಿಗೂ ಉಪಯೋಗ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಊರಲ್ಲಿ ಎಷ್ಟು ಸ್ಮಾರಕ ಇವೆ ಅಂತ ಎಣಿಸುತ್ತಾ ಕೂರಬೇಡಿ. ನಿಮ್ಮ ಹುಡುಗಿಯರು ಅಲ್ಲಿ ಸ್ವಂತ ಕಾಲಲ್ಲಿ ಎಷ್ಟು ತಿರುಗಬಹುದು, ಏನು ಮಾಡಬಹುದು, ಯಾರನ್ನು ಮಾತಾಡಿಸಬಹುದು, ಅದನ್ನು ನೋಡಿ. ಹನ್ನೆರಡು ಜಾಗ, ಹನ್ನೆರಡು ಗ್ರೂಪ್ ಫೋಟೋ, ಸಂಜೆ ಬಸ್ಸಲ್ಲಿ ನಿದ್ದೆ. ಇದಕ್ಕೆ ಶಾಲಾ ಪ್ರವಾಸ ಅಂತಾರೆ. ಅದೂ ಬೇಕು, ಆದರೆ ಅದಕ್ಕೆ ಬ್ಯಾಡ್ಜ್ ಯಾಕೆ ಕೊಡಬೇಕು?

ಹೊಸ ಕ್ಯಾಪ್ಟನ್‌ಗಳಿಗಾಗಿ ಎರಡು ಮಾತು. ಇದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಪಠ್ಯದಲ್ಲಿರುವ ಪ್ರಾವೀಣ್ಯತೆಯ ಬ್ಯಾಡ್ಜ್ ಅಲ್ಲ. ಒಂದು ಕಂಪನಿಯೋ (ಗೈಡ್‌ಗಳ ತಂಡಕ್ಕೆ ನಾವು ಹೀಗೇ ಅನ್ನುವುದು), ಅಕ್ಕಪಕ್ಕದ ನಾಲ್ಕು ಶಾಲೆ ಸೇರಿಯೋ ತಾವೇ ಇಟ್ಟುಕೊಳ್ಳುವ ಸವಾಲು. ಆರರಿಂದ ಎಂಟು ಹುಡುಗಿಯರ ಒಂದೊಂದು ಪಟ್ರೋಲ್, ಕೈಯಲ್ಲಿ ಒಂದು ಲಾಗ್ ಬುಕ್, ಮುಂದೆ ಒಂದು ಊರು. ನಡೆದ ದಾರಿಯ ನಕ್ಷೆ ಬರೆಯಬೇಕು. ಏನಾದರೂ ಒಂದನ್ನು ಅಳೆಯಬೇಕು. ಊರಿನವರೊಬ್ಬರನ್ನು ಮಾತಾಡಿಸಬೇಕು. ಅಲ್ಲಿಯ ಕೈಕೆಲಸ ನೋಡಬೇಕು, ಅಲ್ಲಿಯ ತಿನಿಸು ತಿನ್ನಬೇಕು, ಊರಿಗೆ ಒಂದು ಸಣ್ಣ ಸೇವೆ ಮಾಡಬೇಕು. ಎಲ್ಲ ಮುಗಿಸಿದವರಿಗೆ ಬಟ್ಟೆಯ ಬ್ಯಾಡ್ಜ್. ಪಠ್ಯದಲ್ಲಿರುವ ಪಾತ್‌ಫೈಂಡರ್, ಅಂದರೆ ದಾರಿ ತೋರಿಸುವವರ ಬ್ಯಾಡ್ಜಿಗೆ ತಯಾರಾಗುತ್ತಿರುವವರಿಗೆ ಇದು ಒಳ್ಳೆ ತಾಲೀಮು. ಸಮವಸ್ತ್ರದ ತೋಳಿಗೆ ಮಾತ್ರ ಹೊಲಿಸಬೇಡಿ. ಬ್ಯಾಗಿಗೆ ಹೊಲಿದುಕೊಳ್ಳಲಿ.

ಏನು ನೋಡಿ ಆರಿಸಬೇಕು

ಮೊದಲನೆಯದು ನಡಿಗೆ. ಜಾಗದಿಂದ ಜಾಗಕ್ಕೆ ಆಟೋ ಹತ್ತಿ ಇಳಿಯುವ ಊರಾದರೆ ಹುಡುಗಿಯರಿಗೆ ಊರಿನ ಆಕಾರ ತಲೆಗೆ ಹತ್ತುವುದೇ ಇಲ್ಲ. ನಕ್ಷೆ ಬರಿ ಅಂದರೆ ನಾಲ್ಕು ಚುಕ್ಕಿ ಇಟ್ಟು ಗೆರೆ ಎಳೆದು ಕೊಡುತ್ತಾರೆ. ನಡೆದವರ ನಕ್ಷೆಯಲ್ಲಿ ಮೂಲೆಯ ಬೇವಿನ ಮರ ಇರುತ್ತದೆ, ಪಂಕ್ಚರ್ ಅಂಗಡಿ ಇರುತ್ತದೆ, ನಾಯಿ ಬೊಗಳಿದ ಜಾಗವೂ ಇರುತ್ತದೆ.

ಎರಡನೆಯದು ಶೌಚಾಲಯ. ಇದನ್ನು ಬರೆಯಲು ಎಷ್ಟೋ ಜನ ನಾಚಿಕೊಳ್ಳುತ್ತಾರೆ. ಹುಡುಗಿಯರ ಗುಂಪಿಗೆ ಇದಕ್ಕಿಂತ ದೊಡ್ಡ ವಿಷಯ ಯಾವುದೂ ಇಲ್ಲ. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಂತಿ ಶುರು. ದಾರಿ ಗುರುತು ಮಾಡುವಾಗ ಎರಡು ಗಂಟೆಗೊಂದು ಶೌಚಾಲಯ ಬರುವ ಹಾಗೆ ಮಾಡಿ. ಬಸ್ ನಿಲ್ದಾಣ, ಮ್ಯೂಸಿಯಂ, ಪರಿಚಯದ ಶಾಲೆ, ಯಾವುದಾದರೂ ಆಗಲಿ, ಕ್ಯಾಪ್ಟನ್ ಒಮ್ಮೆ ಮುಂಚೆ ಹೋಗಿ ಕಣ್ಣಾರೆ ನೋಡಿಕೊಂಡು ಬರಬೇಕು. ಪ್ಯಾಡ್ ಇರುವ ಒಂದು ಚೀಲ ಪ್ರಥಮ ಚಿಕಿತ್ಸೆ ಡಬ್ಬಿಯ ಜೊತೆಗೇ ಇರಲಿ.

ಮೂರನೆಯದು ಕೈಗೆ ಸಿಗುವ ಕೆಲಸ. ಬೋರ್ಡ್ ಓದಿ ಬರೆದುಕೊಳ್ಳುವುದು ಕೆಲಸ ಅಲ್ಲ.

ನಾಲ್ಕನೆಯದು ವಯಸ್ಸು. ಗೈಡ್‌ಗಳಿಗಿಂತ ಚಿಕ್ಕವರಾದ, ಹತ್ತು ದಾಟದ ಬುಲ್‌ಬುಲ್‌ಗಳಿಗೆ ಮೂರು ಗಂಟೆ ಬಸ್ ಪ್ರಯಾಣ ಶಿಕ್ಷೆ. ಗೈಡ್‌ಗಳಿಗಿಂತ ದೊಡ್ಡವರಾದ ಕಾಲೇಜಿನ ರೇಂಜರ್‌ಗಳಿಗೆ ಊರ ಕೋಟೆಯ ಮುಂದೆ ನಿಂತು ಬೋರ್ಡ್ ಓದುವುದು ಶಿಕ್ಷೆ.

ಇನ್ನು ದುಡ್ಡು. ಇಲ್ಲಿ ನಮಗೊಂದು ಅನುಕೂಲ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹುಡುಗಿಯರಿಗೂ ಹೆಂಗಸರಿಗೂ ಟಿಕೆಟ್ ಹಣ ಇಲ್ಲ. ಹುಡುಗಿಯರ ಕಂಪನಿಯ ದೊಡ್ಡ ಖರ್ಚು ಯಾವಾಗಲೂ ಬಸ್ಸಿನದೇ ಆಗಿತ್ತು. ಈಗ ಅದು ಸೊನ್ನೆ. ಆದರೆ ಮೂವತ್ತು ಜನ ಒಂದೇ ಬಸ್ಸಿಗೆ ನುಗ್ಗಿದರೆ ಕಂಡಕ್ಟರ್ ಮುಖ ಸಿಂಡರಿಸುವುದು ಸಹಜ, ಸೀಟೂ ಸಿಗುವುದಿಲ್ಲ. ಪಟ್ರೋಲಿಗೊಂದು ಬಸ್, ಬಸ್ಸಿಗೊಬ್ಬರು ದೊಡ್ಡವರು, ಹೀಗೆ ಬಿಡಿ. ಎಲ್ಲರ ಹತ್ತಿರ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇರಲಿ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್ಟನ್ನು ಲಾಗ್ ಬುಕ್ಕಿಗೆ ಅಂಟಿಸಲು ಹೇಳಿ. ಹೋದದ್ದಕ್ಕೆ ಅದೇ ಪುರಾವೆ. ಖಾಸಗಿ ಟೆಂಪೋ ಮಾಡಿದರೆ ಆರಾಮ ಜಾಸ್ತಿ, ಸಮಯ ನಿಮ್ಮ ಕೈಯಲ್ಲಿ. ಆದರೆ ಅಷ್ಟೂ ಹಣ ಪೋಷಕರ ಜೇಬಿನಿಂದಲೇ ಬರಬೇಕು. ದುಡ್ಡು ಕೊಡಲಾಗದ ಹುಡುಗಿ "ನನಗ ಹೊಟ್ಟಿನೋವು" ಅಂತ ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ಅದಕ್ಕೇ ನನ್ನ ಓಟು ಕೆಂಪು ಬಸ್ಸಿಗೆ.

ಕಲಬುರಗಿ: ಅಗ್ಗ, ಹತ್ತಿರ, ಆದರೆ ಎರಡು ತುಂಡು

ಕಲಬುರಗಿ ಹುಡುಗಿಯರಿಗೆ ಕಲಬುರಗಿ ತೋರಿಸುವುದು ಕಷ್ಟ. "ಕೋಟೆ ನೋಡೀವ್ರಿ ಮೇಡಂ" ಅಂತ ಮೊದಲೇ ಹೇಳುತ್ತಾರೆ. ಒಳಗೆ ಏನಿದೆ ಅಂದರೆ ಅರ್ಧ ಜನಕ್ಕೆ ಅಲ್ಲಿಯ ತೋಪಿನ, ಅಂದರೆ ಫಿರಂಗಿಯ, ಹೆಸರೂ ಗೊತ್ತಿರುವುದಿಲ್ಲ.

ಇಲ್ಲಿನ ಜಾಗಗಳು ಎರಡು ಗುಂಪಾಗಿವೆ. ಒಂದು ಕಡೆ ಕೋಟೆ, ಸೂಪರ್ ಮಾರ್ಕೆಟ್ ಅನ್ನುವ ಪೇಟೆ, ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ. ಊರಿನ ಪೂರ್ವಕ್ಕೆ ಬಂದೇನವಾಜ್ ದರ್ಗಾ, ಹಫ್ತ್ ಗುಂಬಜ್, ಸರ್ಕಾರಿ ಮ್ಯೂಸಿಯಂ. ಬುದ್ಧ ವಿಹಾರ ಇನ್ನೂ ಆಚೆ, ವಿಶ್ವವಿದ್ಯಾಲಯದ ಕಡೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಅದು ಆಟೋ ಬ್ಯಾಡ್ಜ್ ಆಗುತ್ತದೆ. ಎರಡು ಶನಿವಾರ ಮಾಡಿ, ಅರ್ಧರ್ಧ ದಿನ. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು. ಬುಲ್‌ಬುಲ್‌ಗಳಿಗೂ ಗೈಡ್ ಆಗಿ ಇದೇ ವರ್ಷ ಸೇರಿದವರಿಗೂ ಇಷ್ಟು ಹೊಂದುವ ಊರು ಬೇರೆ ಇಲ್ಲ.

ಮೊದಲ ಶನಿವಾರಕ್ಕೆ ಕೋಟೆಯೇ ಸಾಕು. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ಇದು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಮಧ್ಯೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮೇಲೆ ಮುಚ್ಚಿದೆ. ಸುತ್ತಿನ ಸಾಲಿನ ಕಮಾನುಗಳು ಬಲು ಅಗಲ, ಅವನ್ನು ಹೊತ್ತ ಕಂಬಗಳು ಮಾತ್ರ ಮೋಟು. ಹುಡುಗಿಯರನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ಕಾಣುವ ಕಮಾನಿನ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯಲು ಹೇಳಿ. ದೂರ ಹೋದಷ್ಟೂ ಕಮಾನು ಚಿಕ್ಕದಾಗುವುದನ್ನು ಬರೆಯುವಾಗ ಚಿತ್ರಕಲಾ ಮೇಷ್ಟ್ರು ತಿಂಗಳುಗಟ್ಟಲೆ ಹೇಳಿಕೊಟ್ಟದ್ದು ತಟ್ಟನೆ ಅರ್ಥವಾಗುತ್ತದೆ. ತಲೆಗೆ ಸ್ಕಾರ್ಫ್, ಚಪ್ಪಲಿ ಹೊರಗೆ, ಮಾತು ಮೆಲ್ಲಗೆ. ಶುಕ್ರವಾರ ಮಧ್ಯಾಹ್ನ ಬೇಡ.

ಅಳೆಯುವ ಕೆಲಸಕ್ಕೆ ಕೋಟೆಯ ಬಾರಾ ಗಜಿ ತೋಪು ಇದೆ. ಉದ್ದ 29 ಅಡಿ ಅಂತ ಹೇಳುತ್ತಾರೆ. ಹೇಳಿಕೊಡಬೇಡಿ, ಅಳೆಯಲಿ. ಮೊದಲು ಕಣ್ಣಂದಾಜು, ಆಮೇಲೆ ಹೆಜ್ಜೆ, ಆಮೇಲೆ ಟೇಪು. ಮೂರೂ ಅಂಕಿ ಲಾಗ್ ಬುಕ್ಕಿನಲ್ಲಿ ಪಕ್ಕಪಕ್ಕ ಬರಲಿ. ತೋಪಿನ ಮೇಲೆ ಹತ್ತಿ ಕೂರುವುದಕ್ಕೆ ಬಿಡಬೇಡಿ. ಗೋಡೆಯ ಅಂಚಿಗೂ ಬಿಡಬೇಡಿ. ಕೋಟೆಯೊಳಗೆ ಜನ ಮನೆ ಮಾಡಿಕೊಂಡಿದ್ದಾರೆ. ಅವರ ಮನೆ ಮುಂದೆ ಕ್ಯಾಮೆರಾ ಹಿಡಿಯುವ ಮುಂಚೆ ಕೇಳುವುದೂ ಬ್ಯಾಡ್ಜಿನ ಒಂದು ಕೆಲಸ ಅಂತಲೇ ಬರೆದುಬಿಡಿ.

ಅಲ್ಲಿಂದ ಸೂಪರ್ ಮಾರ್ಕೆಟ್‌ಗೆ ನಡೆಯಬಹುದು. ಇಲ್ಲಿ ಮಾತಾಡಿಸುವ ಕೆಲಸ ಇಡಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಹುಡುಗಿಯರು ಮೂರು ಅಂಗಡಿಯಲ್ಲಿ ಬೇಳೆ ದರ ಕೇಳಿ ಬರಲಿ. ಮೂರು ದರ ಬೇರೆ ಬೇರೆ ಬರುತ್ತದೆ. ಯಾಕೆ ಅಂತ ಅಂಗಡಿಯವರನ್ನೇ ಕೇಳಲಿ. ಪಾಲಿಶ್ ಆದದ್ದು, ಆಗದ್ದು, ನುಚ್ಚಾದದ್ದು ಅಂತ ಅವರು ಅಂಗೈ ಮೇಲೆ ಹಾಕಿ ತೋರಿಸುತ್ತಾರೆ. ಮನೆಗೆ ಹೋಗಿ ಅವ್ವನಿಗೆ "ನೀ ಯಾವುದು ತರ್ತಿ?" ಅಂತ ಕೇಳಿದರೆ ಆ ಪಾಠ ಪೂರ್ತಿ ಆಯಿತು. ತಿನಿಸಿಗೆ ಸುಸಲಾ, ಮಿರ್ಚಿ ಭಜಿ. ಮಾಲ್ಪುರಿ ಸಿಕ್ಕರೆ ಬಿಡಬೇಡಿ.

ಎರಡನೇ ಶನಿವಾರಕ್ಕೆ ಪೂರ್ವದ ಗುಂಪು. ಹಫ್ತ್ ಗುಂಬಜ್‌ನಲ್ಲಿ ಬಹಮನಿ ಸುಲ್ತಾನರ ಗೋರಿಗಳು. ಫಿರೋಜ್ ಷಾನದು ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು. ಅವನೂ ಖ್ವಾಜಾ ಬಂದೇನವಾಜರೂ ತೀರಿಕೊಂಡದ್ದು ಒಂದೇ ವರ್ಷ, 1422. ಇಬ್ಬರ ಗೋರಿಯನ್ನೂ ಒಂದೇ ಬೆಳಿಗ್ಗೆ ನೋಡಿ, ಇವತ್ತು ಜನ ಯಾವುದಕ್ಕೆ ಹೋಗುತ್ತಾರೆ ಅಂತ ಹುಡುಗಿಯರು ತಾವೇ ನೋಡಿಕೊಳ್ಳಲಿ. ದರ್ಗಾದ ಒಳಗೆ ಹೆಣ್ಣುಮಕ್ಕಳು ಎಲ್ಲಿಯವರೆಗೆ ಹೋಗಬಹುದು ಅಂತ ಮೊದಲೇ ಕೇಳಿಕೊಂಡು ಬನ್ನಿ. ಬಾಗಿಲಲ್ಲಿ ತಡೆಸಿಕೊಂಡು ಹುಡುಗಿಯರು ಮುಖ ಸಣ್ಣ ಮಾಡಿಕೊಳ್ಳುವುದು ಬೇಡ. ಬಿಸಿಲಾದರೆ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಲ್ಲಿ ನೆರಳೂ ಇದೆ, ಶೌಚಾಲಯವೂ ಇದೆ. 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರ ಚೆಂದವಿದೆ, ಚೊಕ್ಕಟವಿದೆ. ಆದರೆ ಬ್ಯಾಡ್ಜಿನ ಕೆಲಸ ಅಲ್ಲಿ ಕಮ್ಮಿ. ಸುಮ್ನೆ ಒಂದಿಷ್ಟು ಹೊತ್ತು ಕೂತು ಬರುವ ಜಾಗ. ಸಿಟಿ ಬಸ್ಸಿನಲ್ಲಿ ಹೋಗಿ ಬರುವುದಾದರೆ ಸೇರಿಸಿಕೊಳ್ಳಿ.

ಕಲಬುರಗಿಯ ಕುಂದು ಏನು ಅಂದರೆ ಗಾಡಿಗಳ ಓಡಾಟ. ಸೂಪರ್ ಮಾರ್ಕೆಟ್ ಸುತ್ತ ರಸ್ತೆ ದಾಟುವುದೇ ಒಂದು ಸಾಹಸ. ಸಣ್ಣವರಿದ್ದರೆ ಪಟ್ರೋಲಿಗೆ ಇಬ್ಬರು ದೊಡ್ಡವರು ಬೇಕೇ ಬೇಕು.

ಬೀದರ್: ಬ್ಯಾಡ್ಜಿಗೆ ಹೇಳಿ ಮಾಡಿಸಿದ ಊರು

ಇಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಹನ್ನೊಂದರಿಂದ ಹದಿನೈದರ ಗೈಡ್‌ಗಳಿಗೆ ಒಂದೇ ಒಂದು ಊರು ಆರಿಸು ಅಂದರೆ ನಾನು ಬೀದರ್ ಅನ್ನುತ್ತೇನೆ.

ಯಾಕೆಂದರೆ ಹಳೇ ಬೀದರ್ ಪೂರ್ತಿ ನಡಿಗೆಯ ಊರು. ಚೌಬಾರಾ, ಮಹಮೂದ್ ಗವಾನ್ ಮದರಸಾ, ಕೋಟೆ ಬಾಗಿಲು, ಮೂರೂ ಒಂದೇ ದಾರಿಗೆ ಬರುತ್ತವೆ. ದಾರಿ ತಪ್ಪಿಸಿಕೊಂಡ ಹುಡುಗಿಗೆ ಚೌಬಾರಾ ಎಲ್ಲಿ ಅಂದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ಹಾಗಾಗಿ ಇಲ್ಲಿ ಪಟ್ರೋಲ್ ಲೀಡರ್ ಕೈಗೆ ನಕ್ಷೆ ಕೊಟ್ಟು ಕ್ಯಾಪ್ಟನ್ ಹಿಂದೆ ಹತ್ತು ಹೆಜ್ಜೆ ದೂರ ನಡೆಯಬಹುದು. ಕಲಬುರಗಿಯ ಟ್ರಾಫಿಕ್‌ನಲ್ಲಿ ಆ ಧೈರ್ಯ ನನಗಿಲ್ಲ.

ಚೌಬಾರಾ ಅಂದರೆ ಹಳೇ ಊರಿನ ನಡುಮಧ್ಯೆ ನಿಂತ ಗುಂಡನೆಯ ಗೋಪುರ. ಎತ್ತರ 71 ಅಡಿ. ಎತ್ತರ ಅಂದಾಜು ಮಾಡುವ ಪಾಠಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಒಬ್ಬಳು ಗೋಪುರದ ಬುಡದಲ್ಲಿ ನಿಲ್ಲಲಿ. ಇನ್ನೊಬ್ಬಳು ದೂರ ನಿಂತು ಕೈ ಚಾಚಿ ಪೆನ್ಸಿಲ್ ಹಿಡಿದು, ಗೆಳತಿ ಎಷ್ಟು ಕಾಣುತ್ತಾಳೋ ಅಷ್ಟಕ್ಕೆ ಬೆರಳಿಡಲಿ. ಗೋಪುರ ಅಂಥ ಎಷ್ಟು ಅಳತೆ ಅಂತ ಮೇಲಕ್ಕೆ ಎಣಿಸಲಿ. ಗೆಳತಿಯ ಎತ್ತರದಿಂದ ಗುಣಿಸಿದರೆ ಉತ್ತರ. ಯಾವ ಪಟ್ರೋಲ್ 71ಕ್ಕೆ ಹತ್ತಿರ ಬಂತು ಅಂತ ನೋಡುವ ಜಗಳವೇ ಒಂದು ಮೋಜು. ಸುತ್ತ ಗಾಡಿ ಓಡಾಡುತ್ತವೆ, ಅಂಗಡಿ ಕಟ್ಟೆ ಬಿಟ್ಟು ಇಳಿಯಬಾರದು ಅಂತ ಮೊದಲೇ ಹೇಳಿ.

ಮದರಸಾ 1472ರದು. ಇರಾನಿನಿಂದ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ ಕಟ್ಟಿಸಿದ ಮೂರಂತಸ್ತಿನ ಕಾಲೇಜು. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಬಿದ್ದುಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ ಹೆಂಚಿನ ಚೂರುಗಳು ಇನ್ನೂ ಇವೆ. ಬಿದ್ದ ಅರ್ಧವನ್ನು ಹುಡುಗಿಯರು ಕಾಗದದ ಮೇಲೆ ಪೂರ್ತಿ ಮಾಡಲಿ. ಉಳಿದ ಅರ್ಧ ಎದುರಿಗೇ ಇದೆಯಲ್ಲ, ಅದನ್ನೇ ನೋಡಿಕೊಂಡು. ಬಣ್ಣದ ಪೆನ್ಸಿಲ್ ಒಯ್ಯಿರಿ.

ಕೋಟೆ ದೊಡ್ಡದು. ಬಂಡೆ ಕೊರೆದು ಮಾಡಿದ ಮೂರು ಸುತ್ತಿನ ಕಂದಕ ಇರುವ ಕೋಟೆಯನ್ನು ಒಂದೇ ಮಧ್ಯಾಹ್ನ ಪೂರ್ತಿ ನೋಡುತ್ತೇವೆ ಅನ್ನುವುದು ಬೇಡ. ಮ್ಯೂಸಿಯಂ, ಸೋಲಾ ಖಂಬ ಮಸೀದಿ, ರಂಗೀನ್ ಮಹಲ್ ಸಾಕು. ರಂಗೀನ್ ಮಹಲ್‌ನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ. ಅದಕ್ಕೆ ಬೀಗ ಹಾಕಿರುವುದುಂಟು. ಪುರಾತತ್ವ ಇಲಾಖೆಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಮೊದಲೇ ಪತ್ರ ಕೊಟ್ಟರೆ ಕೆಲಸ ಸಲೀಸು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಇರುವ ಕಡೆಯೂ 15 ವರ್ಷದೊಳಗಿನವರಿಗೆ ಹಣ ಇಲ್ಲ. ವಯಸ್ಸಿನ ದಾಖಲೆ ಜೊತೆಗಿರಲಿ.

ರಂಗೀನ್ ಮಹಲ್‌ನ ಆ ಚಿಪ್ಪಿನ ಕೆಲಸ ನೋಡಿದ ಮೇಲೆ ಚೌಬಾರಾ ಹತ್ತಿರದ ಬಿದ್ರಿ ಅಂಗಡಿಗೆ ಬನ್ನಿ. ಈ ಕ್ರಮ ತಪ್ಪಿಸಬೇಡಿ. ಕಪ್ಪಿನೊಳಗೆ ಬಿಳಿ ಕೂರಿಸುವ ಅದೇ ಯೋಚನೆ ಇಲ್ಲಿ ಲೋಹದಲ್ಲಿ ಸಿಗುತ್ತದೆ.

ಬಿದ್ರಿ ಕೆಲಸ ಎಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದದ್ದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಮೊದಲಿಗೆ ಬೂದು ಬಣ್ಣ. ಅರ ಹಾಕಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಸೂಜಿಮೊನೆಯಿಂದ ಬಳ್ಳಿ, ಹೂವು ಗೀರುತ್ತಾರೆ. ಅಚ್ಚು ಇಲ್ಲ, ಸ್ಕೇಲು ಇಲ್ಲ, ಕೈಯಂದಾಜು. ಆಮೇಲೆ ಸಣ್ಣ ಉಳಿಯಿಂದ ಗೆರೆ ಕೆತ್ತಿ, ಅದರೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟುತ್ತಾರೆ. ಮತ್ತೆ ಉಜ್ಜಿದಾಗ ಸತುವೂ ಬೆಳ್ಳಿಯೂ ಹೊಳೆಯುತ್ತವೆ, ಚಿತ್ತಾರ ಕಾಣುವುದೇ ಕಷ್ಟ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರಿಗೆ ಹಾಕುತ್ತಾರೆ. ಹೊರಗೆ ತೆಗೆದಾಗ ಹೂಜಿಯ ಮೈಯೆಲ್ಲ ಕಡುಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಅದರ ಮೇಲೆ ಎಣ್ಣೆ ಸವರಿದರೆ ಮುಗಿಯಿತು. ವಿಜ್ಞಾನದ ಪಾಠದಲ್ಲಿ ಲೋಹದ ಗುಣ ಬಾಯಿಪಾಠ ಮಾಡಿದ ಹುಡುಗಿಯರು "ಬೆಳ್ಳಿ ಯಾಕ ಕಪ್ಪಾಗಲಿಲ್ರಿ?" ಅಂತ ಕುಶಲಕರ್ಮಿಯನ್ನೇ ಕೇಳುತ್ತಾರೆ. ಆ ಪ್ರಶ್ನೆಯೇ ಬ್ಯಾಡ್ಜು. ಈ ಊರಿನ ಬಿದ್ರಿ ಕಲಾವಿದ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದನ್ನೂ ಹೇಳಿ. ಮೂವತ್ತು ಜನ ಒಂದೇ ಅಂಗಡಿಗೆ ಹೋಗಬೇಡಿ. ಪಟ್ರೋಲ್ ಪಟ್ರೋಲ್ ಆಗಿ, ಬೇರೆ ಬೇರೆ ಕಡೆ, ಮೊದಲೇ ಕೇಳಿಕೊಂಡು ಹೋಗಿ. ಅವರದು ದುಡಿಮೆಯ ಹೊತ್ತು. ಪಟ್ರೋಲ್ ನಿಧಿಯಿಂದ ಒಂದು ಸಣ್ಣ ಕೀಚೈನ್ ಕೊಂಡರೂ ಮರ್ಯಾದೆ.

ಊಟದ ಚಿಂತೆ ಬೀದರ್‌ನಲ್ಲಿ ಇಲ್ಲ. ಗುರುದ್ವಾರಾ ನಾನಕ್ ಝೀರಾ ಸಾಹಿಬ್‌ನಲ್ಲಿ ಲಂಗರ್ ಇದೆ. ತಲೆ ಮುಚ್ಚಿ, ಕೈಕಾಲು ತೊಳೆದು, ನೆಲದ ಮೇಲೆ ಸಾಲಾಗಿ ಕೂತು ಊಟ. ಊಟವಾದ ಮೇಲೆ ತಟ್ಟೆ ತೊಳೆಯಲು, ರೊಟ್ಟಿ ಬಡಿಸಲು ಅವಕಾಶ ಕೇಳಿ. ಬ್ಯಾಡ್ಜಿನ ಸೇವೆಯ ಕೆಲಸವೂ ಅಲ್ಲೇ ಮುಗಿಯುತ್ತದೆ. ಊಟದ ಖರ್ಚು ಇಲ್ಲ ಅಂತ ಖಾಲಿ ಕೈಯಲ್ಲಿ ಹೋಗಬೇಡಿ. ಕಂಪನಿಯಿಂದ ಒಂದಿಷ್ಟು ಬೇಳೆಯನ್ನೋ ಅಕ್ಕಿಯನ್ನೋ ಒಯ್ಯಿರಿ.

ಬೇಡ ಅನ್ನುವುದೂ ಎರಡಿವೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಎದೆಮಟ್ಟ ಅಂದರೆ ದೊಡ್ಡವರ ಎದೆಮಟ್ಟ. ಗುಂಪು ಕರಕೊಂಡು ಹೋಗುವ ಜಾಗ ಅದಲ್ಲ. ನೌಬಾದಿನ ಕರೇಜ್ ನನಗೆ ಬಹಳ ಇಷ್ಟ. ನೆಲದಡಿ ಕೊರೆದ ನೀರಿನ ಕಾಲುವೆ, ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳು. ಆದರೆ ಬಾಯಿಗಳ ಹತ್ತಿರ ಸಣ್ಣವರನ್ನು ಬಿಡುವಂತಿಲ್ಲ. ರೇಂಜರ್‌ಗಳಿಗೆ ಮಾತ್ರ, ಅದೂ ಮೇಲಿನಿಂದ ನೋಡಿ ನಕ್ಷೆ ಬರೆಯಲು.

ಇನ್ನು ಬೀದರ್‌ನ ಕಷ್ಟ ದೂರ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ ಹಿಡಿಯಿರಿ. 2017ರಿಂದ ರೈಲೂ ಇದೆ, 110 ಕಿಲೋಮೀಟರ್ ಹಳಿ. ಆದರೆ ರೈಲು ಕಮ್ಮಿ, ಟಿಕೆಟ್ ಹಣವೂ ಕೊಡಬೇಕು. ಬೆಳಿಗ್ಗೆ ಆರಕ್ಕೆ ಹೊರಟರೆ ಒಂಬತ್ತಕ್ಕೆ ಬೀದರ್, ಸಂಜೆ ನಾಲ್ಕಕ್ಕೆ ಹೊರಟುಬಿಡಬೇಕು. ಏಳು ಗಂಟೆ ಸಿಗುತ್ತದೆ. ಚೌಬಾರಾ, ಮದರಸಾ, ಕೋಟೆ, ಬಿದ್ರಿ, ಲಂಗರ್, ಇಷ್ಟಕ್ಕೆ ಸಾಕು. ಅಷ್ಟೂರಿನ ಬಹಮನಿ ಸುಲ್ತಾನರ ಗುಮ್ಮಟಗಳನ್ನೂ ಸೇರಿಸಬೇಕು ಅಂದರೆ ಒಂದು ರಾತ್ರಿ ಉಳಿಯಬೇಕು. ರಾತ್ರಿ ಉಳಿದರೆ ಖರ್ಚು ಜಾಸ್ತಿ, ಪೋಷಕರ ಒಪ್ಪಿಗೆ ಪಡೆಯುವುದು ಅದಕ್ಕಿಂತ ಕಷ್ಟ. ಪರಿಚಯದ ಶಾಲೆಯವರು ಒಂದು ಹಾಲ್ ಬಿಟ್ಟುಕೊಟ್ಟರೆ ಮಾತ್ರ ಆ ಯೋಚನೆ ಮಾಡಿ. ಅಂದಹಾಗೆ ದಾರಿಯಲ್ಲಿ ಕಮಲಾಪುರ ಬರುತ್ತದೆ. ಕೆಂಪು ಬಾಳೆಹಣ್ಣು ಕೊಂಡು ಬಸ್ಸಲ್ಲೇ ಹಂಚಿ.

ಯಾದಗಿರಿ ಮತ್ತು ಸುರಪುರ

ಯಾದಗಿರಿಯ ಕ್ಯಾಪ್ಟನ್‌ಗಳೇ, ನಿಮ್ಮೂರಲ್ಲಿ ಬೇರೆ ಎರಡೂ ಊರಲ್ಲಿ ಇಲ್ಲದ್ದು ಒಂದಿದೆ. ಬೆಟ್ಟದ ಕೋಟೆ ಹತ್ತಿ ನಿಂತರೆ ಪೂರ್ತಿ ಊರು ಕಾಲಕೆಳಗೆ ಕಾಣುತ್ತದೆ. ನಕ್ಷೆ ಓದುವುದನ್ನು ಕಲಿಸಲು ಮೂರು ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ದಿಕ್ಸೂಚಿ ಹಿಡಿದು ಉತ್ತರ ಗುರುತಿಸಿ, ರೈಲು ಹಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ, ಬಸ್ ನಿಲ್ದಾಣ ಎಲ್ಲಿ, ನಮ್ಮ ಶಾಲೆ ಎಲ್ಲಿ ಅಂತ ಒಂದೊಂದಾಗಿ ಬರೆಯಲಿ. ಕೆಳಗಿಳಿದು ಅದೇ ನಕ್ಷೆ ಹಿಡಿದು ನಡೆಯಲಿ. ಎಲ್ಲಿ ತಪ್ಪಾಗಿದೆ ಅಂತ ಕಾಲಿಗೇ ಗೊತ್ತಾಗುತ್ತದೆ.

ಆದರೆ ಹತ್ತಬೇಕು. ಬಂಡೆ, ಬಿಸಿಲು, ಅಲ್ಲಲ್ಲಿ ಕಡಿದಾದ ಅಂಚು. ಮೇಲೆ ನೀರು ಸಿಗುತ್ತದೆ, ಶೌಚಾಲಯ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಶುರು, ಹತ್ತಕ್ಕೆ ಕೆಳಗೆ. ಒಬ್ಬೊಬ್ಬರಿಗೆ ಎರಡು ಬಾಟಲಿ ನೀರು. ಕಾಲಿಗೆ ಬೂಟು, ಚಪ್ಪಲಿ ಬೇಡ. ಬುಲ್‌ಬುಲ್‌ಗಳನ್ನು ಕರಕೊಂಡು ಹೋಗಬೇಡಿ. ಹನ್ನೆರಡು ದಾಟಿದ ಗೈಡ್‌ಗಳು, ಚಿಕ್ಕ ಗುಂಪು, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು. ಕಲಬುರಗಿಯಿಂದ ಬರುವವರಿಗೆ ವಾಡಿ ಮೇಲಿನ ರೈಲು ಅನುಕೂಲ. ಮುಂಬೈ-ಚೆನ್ನೈ ಮುಖ್ಯ ಮಾರ್ಗವಾದ್ದರಿಂದ ರೈಲು ಬೇಕಾದಷ್ಟು ಇವೆ.

ಊರು ಸಣ್ಣದು, ಕೋಟೆ ಬಿಟ್ಟರೆ ಬ್ಯಾಡ್ಜಿನ ಪಟ್ಟಿ ತುಂಬುವುದು ಕಷ್ಟ ಅನ್ನುವುದು ನಿಜ. ಅದಕ್ಕೇ ರೇಂಜರ್‌ಗಳಿದ್ದರೆ ಸುರಪುರ ಸೇರಿಸಿ. ಶಹಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡ ಬರುತ್ತದೆ. ಕಿಟಕಿಯಿಂದಲೇ ಅದರ ಗೆರೆ ಬರೆಯುವುದು ಒಂದು ಕೆಲಸ. ಸುರಪುರದಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ್ದು. ಅವನ ಕಣ್ಣೆದುರು ಬೆಳೆದ ಹುಡುಗ ರಾಜಾ ವೆಂಕಟಪ್ಪ ನಾಯಕ ಮುಂದೆ 1858ರಲ್ಲಿ ಬ್ರಿಟಿಷರ ಮೇಲೆಯೇ ತಿರುಗಿಬಿದ್ದ. ಈ ಕತೆ ಊರಲ್ಲಿ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ರೇಂಜರ್‌ಗಳು ಮೂರು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಮೂವರ ಕತೆ ಮೂರು ಥರ ಇರುತ್ತದೆ. ಯಾವುದನ್ನು ನಂಬಬೇಕು, ಯಾಕೆ ಅಂತ ಚರ್ಚೆ ಮಾಡುವುದಕ್ಕೆ ಹದಿನೇಳರ ಹುಡುಗಿಯರಿಗೆ ತಾಕತ್ತಿದೆ, ಹನ್ನೊಂದರವರಿಗೆ ಇಲ್ಲ.

ಎಲ್ಲಿಗೂ ಹೋಗದೆ

ದುಡ್ಡೂ ಇಲ್ಲ, ಜೊತೆಗೆ ಬರುವ ದೊಡ್ಡವರೂ ಇಲ್ಲ ಅಂದರೆ ಶಾಲೆಯ ಸುತ್ತಿನ ನಾಲ್ಕು ಓಣಿಯಲ್ಲೇ ಮಾಡಿ. ಹಿಟ್ಟಿನ ಗಿರಣಿ, ಅಂಚೆ ಕಚೇರಿ, ನೀರಿನ ಟ್ಯಾಂಕ್, ಅಂಗನವಾಡಿ. ಬುಲ್‌ಬುಲ್‌ಗಳಿಗೆ ಇದು ಧಾರಾಳ ಆಯಿತು. ದೊಡ್ಡವರಿಗೆ ಬೇಸರ ಬರುತ್ತದೆ.

ನಿಮ್ಮ ಕಂಪನಿಗೆ ಯಾವುದು

ಬುಲ್‌ಬುಲ್‌ಗಳೇ ಜಾಸ್ತಿ ಇದ್ದರೆ ಕಲಬುರಗಿಯ ಒಂದು ಅರ್ಧ ದಿನ, ಕೋಟೆ ಮತ್ತು ವಿಜ್ಞಾನ ಕೇಂದ್ರ ಮಾತ್ರ. ಎಲ್ಲ ವಯಸ್ಸಿನವರೂ ಬೆರೆತ ಕಂಪನಿ, ಕೈಯಲ್ಲಿ ಕಾಸು ಕಮ್ಮಿ, ಅಂದರೆ ಕಲಬುರಗಿಯ ಎರಡು ಶನಿವಾರ. ಗೈಡ್‌ಗಳೇ ಇದ್ದು, ಪಟ್ರೋಲ್ ಲೀಡರ್‌ಗಳು ಸ್ವಲ್ಪ ಪಳಗಿದ್ದು, ಜೊತೆಗೆ ಬರಲು ನಾಲ್ಕು ಜನ ಹೆಂಗಸರು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಬೀದರ್‌ಗೆ ಹೋಗಿ. ಹುಮನಾಬಾದ್, ಭಾಲ್ಕಿ, ಬಸವಕಲ್ಯಾಣದವರಿಗೆ ಯೋಚನೆಯೇ ಬೇಡ, ಬೀದರ್ ಹತ್ತಿರವೇ ಇದೆ. ಯಾದಗಿರಿ, ಶಹಾಪುರ, ಸುರಪುರದವರು ದೂರದ ಬೀದರ್‌ಗೆ ಒದ್ದಾಡಿಕೊಂಡು ಹೋಗುವ ಬದಲು ನಿಮ್ಮ ಬೆಟ್ಟವನ್ನೇ ಹತ್ತಿಸಿ. ಬೇಕಿದ್ದರೆ ಮುಂದಿನ ವರ್ಷ ಬೀದರ್. ಓಡಾಡಲು ತೊಂದರೆ ಇರುವ ಹುಡುಗಿ ಕಂಪನಿಯಲ್ಲಿದ್ದರೆ ಬೆಟ್ಟ ಬೇಡವೇ ಬೇಡ. ಬೀದರ್‌ನಲ್ಲಿ ಬಿದ್ರಿ ಅಂಗಡಿ, ಲಂಗರ್ ಎರಡೂ ನೆಲಮಟ್ಟದಲ್ಲಿ ಕೂತು ಮಾಡುವ ಕೆಲಸ. ಅವಳಿಗೆ ಲಾಗ್ ಬುಕ್ಕಿನ ಜವಾಬ್ದಾರಿ ಕೊಟ್ಟರೆ ಯಾರಿಗೂ ಕಮ್ಮಿ ಅನ್ನಿಸುವುದಿಲ್ಲ.

ಬ್ಯಾಡ್ಜಿನ ಬಟ್ಟೆಗೂ ಲೆಕ್ಕ ಹಾಕಿ. ಮೆಷಿನ್ ಎಂಬ್ರಾಯ್ಡರಿಯವರು ಹತ್ತು ಹದಿನೈದು ಬ್ಯಾಡ್ಜಿಗೆ ಕೈ ಹಾಕುವುದಿಲ್ಲ, ಹಾಕಿದರೂ ದುಬಾರಿ. ಮೂರು ನಾಲ್ಕು ಶಾಲೆ ಸೇರಿ ಮಾಡಿಸಿದರೆ ಗಿಟ್ಟುತ್ತದೆ. ಇಲ್ಲವಾದರೆ ತಾಂಡಾದಿಂದ ಬರುವ ಹುಡುಗಿಯರು ನಿಮ್ಮ ಕಂಪನಿಯಲ್ಲಿದ್ದರೆ ಅವರ ಅಮ್ಮಂದಿರನ್ನು ಕೇಳಿ. ಕನ್ನಡಿ ಹಚ್ಚಿ ಹೊಲಿಯುವ ಬಂಜಾರಾ ಕಸೂತಿಯನ್ನು ಹುಡುಗಿಯರಿಗೆ ಒಂದು ಮಧ್ಯಾಹ್ನ ಕಲಿಸಿಕೊಟ್ಟರೆ ಬ್ಯಾಡ್ಜನ್ನು ಅವರೇ ಹೊಲಿದುಕೊಳ್ಳುತ್ತಾರೆ. ಅಮ್ಮಂದಿರಿಗೆ ಗೌರವಧನ ಕೊಡಲು ಮರೆಯಬೇಡಿ.

ದಿನ ಗೊತ್ತು ಮಾಡುವಾಗ ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಮಾರ್ಚ್ ಬಂತೆಂದರೆ ನಮ್ಮ ಬಿಸಿಲು ನಿಮಗೇ ಗೊತ್ತು. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಕಲಬುರಗಿ ತುಂಬಿಹೋಗುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಯಾವ ಊರೂ ಬೇಡ. ಬಸ್ಸೆಲ್ಲ ಹೊಲಕ್ಕೆ ಹೋಗುವವರಿಂದ ತುಂಬಿರುತ್ತವೆ, ಅಂಗಡಿ ಬಾಗಿಲು ಹಾಕಿರುತ್ತವೆ, ನಿಮ್ಮ ಹುಡುಗಿಯರೂ ಬರುವುದಿಲ್ಲ. ಫೆಬ್ರವರಿ 22 ಗೈಡ್‌ಗಳ ವಿಶ್ವ ಚಿಂತನಾ ದಿನ. ಅವತ್ತು ಬ್ಯಾಡ್ಜ್ ಕೊಡಬೇಕು ಅಂತಿದ್ದರೆ ಜನವರಿ ಕೊನೆಯೊಳಗೆ ಊರು ಸುತ್ತಿ ಮುಗಿಸಿ, ಹೊಲಿಗೆಗೆ ಮೂರು ವಾರ ಬಿಡಿ. ಪೋಷಕರ ಒಪ್ಪಿಗೆ ಪತ್ರ, ಮುಖ್ಯೋಪಾಧ್ಯಾಯರ ಸಹಿ, ಗುರುದ್ವಾರಾಕ್ಕೆ ಎಷ್ಟು ಜನ ಬರುತ್ತೀರಿ ಅಂತ ಮುಂಚಿತವಾಗಿ ತಿಳಿಸುವುದು, ಈ ಮೂರನ್ನೂ ಡಿಸೆಂಬರ್‌ನಲ್ಲೇ ಮಾಡಿಟ್ಟುಕೊಳ್ಳಿ.